ಬೋಳು ತೋಟದಲ್ಲಿ ಪಿಳ್ಳೆಗೆ ಮರೆ ಎಲ್ಲಿ?

ಬೇಸಿಗೆ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಒಂದೇ ದೂರು. ಹೇಂಟೆ ಹತ್ತೋ ಹನ್ನೆರಡೋ ಮರಿ ಮಾಡಿತ್ತು, ತಿಂಗಳು ತುಂಬುವ ಹೊತ್ತಿಗೆ ಮೂರೋ ನಾಲ್ಕೋ ಉಳಿದವು, ಮಿಕ್ಕಿದ್ದೆಲ್ಲ ಹದ್ದಿನ ಪಾಲಾಯಿತು. ನಾಟಿ ಕೋಳಿ ಸಾಕುವವರಿಗೆ ಇದು ಸಣ್ಣ ನಷ್ಟವಲ್ಲ. ವರ್ಷಕ್ಕೆ ಅರವತ್ತೋ ಎಪ್ಪತ್ತೋ ಮೊಟ್ಟೆ ಇಡುವ, ಅದರ ನಡುವೆಯೇ ಎರಡು ಮೂರು ಸಲ ಕಾವಿಗೆ ಕೂರುವ ಹೇಂಟೆಯ ಒಂದು ಬಾರಿಯ ಮರಿಗಳು ಹೋದವೆಂದರೆ, ಮನೆಯ ಹೆಂಗಸಿನ ಕೈಗೆ ಬರಬೇಕಿದ್ದ ತಿಂಗಳುಗಟ್ಟಲೆಯ ಕಾಸು ಹೋಯಿತೆಂದೇ ಲೆಕ್ಕ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಹಿತ್ತಿಲ ಕೋಳಿಗಳು ಸುಮಾರು 31.7 ಕೋಟಿ; 2012ರ ಗಣತಿಗಿಂತ ಶೇಕಡಾ 46ರಷ್ಟು ಹೆಚ್ಚು. ಇಷ್ಟು ಬೆಳೆದಿರುವ ಸಾಕಣೆಗೆ ಹದ್ದಿನ ಭಯ ದೊಡ್ಡ ಅಡ್ಡಿಯಾಗಿ ಉಳಿದಿದೆ. ದೂರು ನಿಜ, ಕಾಟವೂ ನಿಜ. ಆದರೆ ದೂರುವವರೆಲ್ಲರ ಕಣ್ಣು ಮುಗಿಲಿನತ್ತ ಇರುತ್ತದೆ. ತೋಟದ ನೆಲವನ್ನು ಯಾರೂ ನೋಡುತ್ತಿಲ್ಲ. ಪಿಳ್ಳೆಯ ಉಳಿವು ತೀರ್ಮಾನವಾಗುವುದು ನೆಲದ ಮೇಲೆ ಅದಕ್ಕೆ ಓಡಿ ಅಡಗಲು ಜಾಗವಿದೆಯೇ ಇಲ್ಲವೇ ಎನ್ನುವುದರಿಂದ. ನಮ್ಮ ತೆಂಗಿನ ಸೀಮೆಯಲ್ಲಿ ಹದ್ದಿನ ಕಾಟ ಎನ್ನುವುದು ಬಹುಪಾಲು ಬೋಳು ತೋಟದ ಕಾಟ.

ತೋಟದ ರಚನೆಯನ್ನೇ ಗಮನಿಸಿ. ಮೂವತ್ತು ಅಡಿಗೊಂದು ಮರ, ಎಕರೆಗೆ ನಲವತ್ತೆಂಟು. ನಡುವಯಸ್ಸಿನ ತಿಪಟೂರು ಮರ ಐವತ್ತು ಅಡಿ ದಾಟಿದ ಮೇಲೆ ಗರಿಗಳೆಲ್ಲ ತುದಿಯಲ್ಲಿ, ಕೆಳಗೆ ಬರೀ ಬೊಡ್ಡೆ. ಕೊಂಬೆಯಿಲ್ಲ, ಪೊದೆಯಿಲ್ಲ. ನೆಲಕ್ಕೂ ಗರಿಗೂ ನಡುವೆ ನಾಲ್ಕು ಆಳೆತ್ತಕ್ಕೂ ಮಿಕ್ಕ ತೆರಪು. ರೆಕ್ಕೆ ಅಗಲಿಸಿ ಬರುವ ಹಕ್ಕಿಗೆ ಇದಕ್ಕಿಂತ ಸಲೀಸಾದ ದಾರಿ ಬೇರೆ ಬೇಕಿಲ್ಲ. ಮೇಲೆ ಗರಿ ಇರುವುದರಿಂದ ತೋಟ ಹೊಲಕ್ಕಿಂತ ಸುರಕ್ಷಿತ ಎಂದುಕೊಳ್ಳುವುದು ತಪ್ಪು. ಹದ್ದು ಗರಿಗಳ ಮೇಲಿಂದ ಬೀಳಬೇಕಾಗಿಲ್ಲ. ಸಾಲಿನ ತುದಿಯಿಂದ ನುಗ್ಗಿ ಬೊಡ್ಡೆಗಳ ನಡುವೆಯೇ ತೇಲಿಬಂದು, ಎತ್ತಿಕೊಂಡು, ಇನ್ನೊಂದು ತುದಿಯಲ್ಲಿ ಮೇಲೇರುತ್ತದೆ. ಹಿಂದೆ ಈ ತೆರಪಿನಲ್ಲಿ ಕೋಳಿಗೆ ಆಸರೆಯಾಗುವ ಎಷ್ಟೋ ಸಂಗತಿಗಳಿದ್ದವು. ಮರಗಳ ನಡುವೆ ಹುರುಳಿ, ಅಲಸಂದೆ, ರಾಗಿ; ಬದುವಿನ ಮೇಲೆ ಲಕ್ಕಿ, ಕತ್ತಾಳೆ, ಹೊಂಗೆ; ಮನೆಯ ಹಿಂದೆ ಸೌದೆ ಒಟ್ಟಿಲು, ಹುಲ್ಲಿನ ಮೆದೆ, ಸಿಪ್ಪೆ ರಾಶಿ. ಈಗ ವರ್ಷಕ್ಕೆ ಹಲವು ಸಲ ರೋಟವೇಟರ್ ಓಡುತ್ತದೆ, ಬದುವಿನ ಪೊದೆ ಸವರಿ ಕಲ್ಲುಕಂಬದ ತಂತಿಬೇಲಿ ಹಾಕುತ್ತಾರೆ, ಅಡುಗೆಗೆ ಗ್ಯಾಸ್ ಬಂದ ಮೇಲೆ ಸೌದೆ ಒಟ್ಟಿಲೂ ಸಣ್ಣದಾಗಿದೆ. ತೋಟ ಚೊಕ್ಕಟವಾಗಿ ಕಾಣುವುದು ಒಡೆಯನಿಗೆ ಹೆಮ್ಮೆ. ಆದರೆ ಅಂಥ ತೋಟದ ನಡುವೆ ನಿಂತ ಹತ್ತು ದಿನದ ಪಿಳ್ಳೆಗೆ ಸುತ್ತ ಹದಿನೈದು ಅಡಿಯೊಳಗೆ ತಾಯಿಯ ರೆಕ್ಕೆ ಬಿಟ್ಟರೆ ಬೇರೆ ಮರೆಯಿರುವುದಿಲ್ಲ.

ಬರುವವರು ಯಾರು ಎನ್ನುವುದನ್ನೂ ಬಿಡಿಸಿ ನೋಡಬೇಕು, ಯಾಕೆಂದರೆ ಹಳ್ಳಿಯ ಮಾತಿನಲ್ಲಿ ಕೊಕ್ಕು ಬಾಗಿದ್ದೆಲ್ಲ ಹದ್ದೇ. ಕಂದು ಮೈಯ, ಬಾಲದ ತುದಿ ಕವಲಾದ ಸಾಮಾನ್ಯ ಹದ್ದು ಮೂಲತಃ ಕಸ, ಸತ್ತದ್ದು, ಉಳಿದದ್ದು ಆಯ್ದು ತಿನ್ನುವ ಹಕ್ಕಿ. ಅದು ನೆಲಕ್ಕೆ ಇಳಿದು ಹೋರಾಡುವುದಿಲ್ಲ. ಹಾರಾಟದಲ್ಲೇ ಕಾಲು ಚಾಚಿ ಎತ್ತಿಕೊಳ್ಳುತ್ತದೆ. ಹಾಗಾಗಿ ಇಳಿಯಲೊಂದು ಏರಲೊಂದು ತೆರೆದ ದಾರಿ ಅದಕ್ಕೆ ಬೇಕೇಬೇಕು. ಬಿಳಿ ತಲೆಯ ಗರುಡ ಕೆರೆಯಂಚಿನ ಹಕ್ಕಿ. ಮಲ್ಲಾಘಟ್ಟದಂಥ ಕೆರೆಗಳ ಸುತ್ತ ಮೀನು, ಏಡಿ, ಕಪ್ಪೆ ಹಿಡಿಯುತ್ತದೆ, ಸಿಕ್ಕರೆ ಮರಿಯನ್ನೂ ಬಿಡುವುದಿಲ್ಲ. ನಿಜವಾದ ಬೇಟೆಗಾರ ಶಿಕ್ರ ಎಂಬ ಪುಟ್ಟ ಗಿಡುಗ. ಪಾರಿವಾಳದ ಗಾತ್ರ, ಗಿಡ್ಡ ರೆಕ್ಕೆ, ಉದ್ದ ಬಾಲ. ಹುಣಿಸೆಯದೋ ಹೊಂಗೆಯದೋ ಎಲೆಯ ಮರೆಯಲ್ಲಿ ಸದ್ದಿಲ್ಲದೆ ಕೂತು, ನೆಲಕ್ಕೆ ಹತ್ತಿರವಾಗಿ ಸರ್ರನೆ ನುಗ್ಗುತ್ತದೆ. ಹದ್ದು ದೂರದಿಂದಲೇ ಕಾಣುತ್ತದೆ, ಶಿಕ್ರ ಕಾಣುವುದು ಕೆಲಸ ಮುಗಿದ ಮೇಲೆ. ಇವೆರಡಕ್ಕೂ ಮಿಗಿಲಾಗಿ ಕಾಗೆಯಿದೆ. ಮೊದಲ ವಾರದ ಮರಿಗಳನ್ನು ಕಾಗೆ ಜೋಡಿ ಸೇರಿ ಕದಿಯುತ್ತದೆ: ಒಂದು ಹೇಂಟೆಯನ್ನು ಕೆಣಕಿ ಆಚೆ ಎಳೆದರೆ ಇನ್ನೊಂದು ಹಿಂದಿನಿಂದ ಮರಿ ಎತ್ತುತ್ತದೆ. ಹದ್ದಿನ ಲೆಕ್ಕಕ್ಕೆ ಬರೆದ ಎಷ್ಟೋ ಮರಿಗಳು ಕಾಗೆಯ ಲೆಕ್ಕಕ್ಕೆ ಸೇರಬೇಕಾದವು.

ಈ ಮೂರರ ಶಕ್ತಿಗೂ ಮಿತಿಯಿದೆ ಎನ್ನುವುದೇ ಸಾಕುವವರಿಗೆ ಸಿಗುವ ದೊಡ್ಡ ಸುಳಿವು. ಹದ್ದು ಒಂದು ಕಿಲೋ ಒಳಗಿನ ಹಕ್ಕಿ, ಶಿಕ್ರ ಕಾಲು ಕಿಲೋ ಆಸುಪಾಸು ಇದ್ದರೆ ಹೆಚ್ಚು. ತನ್ನ ತೂಕದ ಅರ್ಧದಷ್ಟನ್ನು ಹೊತ್ತು ಹಾರುವುದೇ ಅವಕ್ಕೆ ಕಷ್ಟ. ಒಂದು, ಒಂದೂವರೆ ಕಿಲೋ ತೂಗುವ ಬೆಳೆದ ಹೇಂಟೆಯನ್ನು ಇವು ಎತ್ತಲಾರವು. ಚಿಕ್ಕನಾಯಕನಹಳ್ಳಿಯ ಕಲ್ಲುಗುಡ್ಡಗಳ ಕಡೆ ಅಪರೂಪಕ್ಕೆ ಬರುವ ದೊಡ್ಡ ಗಿಡುಗಗಳ ಮಾತು ಬೇರೆ. ಅವನ್ನು ಬಿಟ್ಟರೆ ಆಕಾಶದ ಅಪಾಯ ಮರಿಯ ಮೊದಲ ಎಂಟು ವಾರಕ್ಕೆ, ಅದರಲ್ಲೂ ಮೊದಲ ನಾಲ್ಕು ವಾರಕ್ಕೆ ಸೀಮಿತ. ಅಂದರೆ ವರ್ಷವಿಡೀ ಹದ್ದಿನೊಡನೆ ಗುದ್ದಾಡುವ ಅಗತ್ಯವೇ ಇಲ್ಲ. ಪ್ರತಿ ಕಾವಿನ ಮರಿಗಳಿಗೂ ಎರಡು ತಿಂಗಳ ಕಾವಲು ಕೊಟ್ಟರೆ ಆಯಿತು. ಹಾಗೆ ನೋಡಿದರೆ ಕೆಲಸ ಎಷ್ಟೋ ಹಗುರ.

ಇನ್ನೊಂದು ತಪ್ಪು ಲೆಕ್ಕವನ್ನೂ ಇಲ್ಲೇ ತಿದ್ದಿಕೊಳ್ಳಬೇಕು. ರಾತ್ರಿ ಸತ್ತ ಕೋಳಿಗೆ ಹದ್ದು ಕಾರಣವಲ್ಲ. ಹಗಲಲ್ಲಿ ಗುರುತಿಲ್ಲದೆ ಒಂದೊಂದೇ ಮರಿ ಮಾಯವಾದರೆ ಹದ್ದು, ಶಿಕ್ರ, ಕಾಗೆ ಎನ್ನಬಹುದು. ಬಯಲಿನಲ್ಲಿ ಒಂದೇ ಕಡೆ ಪುಕ್ಕ ಕಿತ್ತು ಚೆಲ್ಲಿದ್ದರೆ ಗಿಡುಗ ಅಲ್ಲೇ ಕೂತು ತಿಂದಿದೆ. ಗೂಡಿನೊಳಗೇ ಹಲವು ಕೋಳಿಗಳ ಕುತ್ತಿಗೆ ಕಚ್ಚಿ ಬಿಟ್ಟಿದ್ದರೆ ಮುಂಗುಸಿಯೋ ಪುನುಗು ಬೆಕ್ಕೋ. ಗೋಡೆ ಬುಡದಲ್ಲಿ ಬಿಲ, ಅದರ ಬಾಯಿಯಲ್ಲಿ ಪುಕ್ಕ ಕಂಡರೆ ಹೆಗ್ಗಣ. ಪುಕ್ಕವೂ ಇಲ್ಲದೆ ರಾತ್ರಿ ಮರಿ ಕಡಿಮೆಯಾದರೆ ಹಾವು. ಇವೆಲ್ಲಕ್ಕೂ ಮಿಗಿಲಾದದ್ದು ಕೊಕ್ಕರೆ ರೋಗ. ಅದು ಹೊಕ್ಕಿತೆಂದರೆ ಒಂದೇ ವಾರದಲ್ಲಿ ಕೇರಿಯ ಕೋಳಿಗಳೆಲ್ಲ ಹೋಗುತ್ತವೆ. ಹುಟ್ಟಿದ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟನೇ ವಾರದ ಹೊತ್ತಿಗೆ ಒಂದು ಚುಚ್ಚುಮದ್ದು, ಇಷ್ಟರಿಂದ ತಡೆಯಬಹುದಾದ ರೋಗ ಅದು. ಅದಕ್ಕೆ ಲಸಿಕೆ ಹಾಕಿಸದೆ ಹದ್ದಿಗಾಗಿ ಬಲೆ ಕಟ್ಟುವುದು ಕೆರೆಯ ಕೋಡಿ ಒಡೆದಿರುವಾಗ ತೂಬು ಮುಚ್ಚಿದ ಹಾಗೆ. ರೋಗ ಬಡಿದು ತೂಕಡಿಸುತ್ತ ನಿಂತ ಮರಿಯನ್ನೇ ಹದ್ದು ಮೊದಲು ಆರಿಸುತ್ತದೆ ಎನ್ನುವುದನ್ನೂ ಮರೆಯಬಾರದು. ಕಣ್ಣಿಗೆ ಬಿದ್ದದ್ದು ಹದ್ದು, ಕೊಂದದ್ದು ಮೊದಲೇ ರೋಗ.

ಮರೆಗೆ ಇಷ್ಟು ಮಹತ್ವ ಯಾಕೆ ಎನ್ನುವವರಿಗೆ ಕೋಳಿಯ ಹುಟ್ಟೇ ಉತ್ತರ ಹೇಳುತ್ತದೆ. ನಮ್ಮ ಕೋಳಿಯ ಪೂರ್ವಿಕರಾದ ಕೆಂಪು ಕಾಡುಕೋಳಿಗಳು ಬಿದಿರುಮೆಳೆ, ಪೊದೆಗಳ ಹಕ್ಕಿಗಳು. ಬಯಲಿಗೆ ಬರುವುದು ಮುಂಜಾನೆ, ಸಂಜೆ, ಅದೂ ಪೊದೆಯ ಅಂಚಿಗೆ. ಸಾವಿರಾರು ವರ್ಷ ಸಾಕಿದರೂ ಆ ಬುದ್ಧಿ ಹೋಗಿಲ್ಲ. ಅಮೆರಿಕದ ಪೀಟರ್ ಮಾರ್ಲರ್, ಕ್ರಿಸ್ಟೊಫರ್ ಇವಾನ್ಸ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಿಂದ ನಡೆಸಿದ ಅಧ್ಯಯನಗಳು ಇದನ್ನು ಚೆನ್ನಾಗಿ ತೋರಿಸಿವೆ. ಹುಂಜ ಆಕಾಶದ ಶತ್ರುವಿಗೆ ಒಂದು ಬಗೆಯ ಕೂಗು, ನೆಲದ ಶತ್ರುವಿಗೆ ಇನ್ನೊಂದು ಬಗೆಯ ಕೂಗು ಕೂಗುತ್ತದೆ. ಮೊದಲನೆಯದನ್ನು ಧ್ವನಿಮುದ್ರಿಸಿ ಕೇಳಿಸಿದರೆ ಸಾಕು, ಕಣ್ಣೆದುರು ಏನೂ ಇಲ್ಲದಿದ್ದರೂ ಹೇಂಟೆಗಳು ಮರೆಗೆ ಓಡುತ್ತವೆ, ಮುದುಡಿ ಕೂತು ಮೇಲೆ ನೋಡುತ್ತವೆ. ಎರಡನೆಯದಕ್ಕೆ ಎದ್ದು ನಿಂತು ಸುತ್ತ ನೋಡುತ್ತವೆ. ಒಬ್ಬಂಟಿ ಹುಂಜಕ್ಕಿಂತ ಜೊತೆಯಲ್ಲಿ ಕೋಳಿಗಳಿರುವ ಹುಂಜ ಹೆಚ್ಚು ಕೂಗುತ್ತದೆ ಎಂಬುದೂ ಕಂಡುಬಂತು. ಮುಂದೆ 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ಹುಂಜ ತಾನು ಮರೆಯಲ್ಲಿರುವಾಗ ಆ ಕೂಗನ್ನು ಹೆಚ್ಚು ಹೊತ್ತು ಕೂಗುತ್ತದೆ ಎಂದು ತೋರಿಸಿತು. ಬಯಲಿನಲ್ಲಿ ಕೂಗುವುದು ತನ್ನ ಪ್ರಾಣಕ್ಕೇ ಅಪಾಯ ಎಂಬುದು ಅದಕ್ಕೆ ಗೊತ್ತು. ಇದರ ಅರ್ಥ ಸರಳ: ಎಚ್ಚರಿಸುವ, ಎಚ್ಚರ ಅರಿಯುವ ಏರ್ಪಾಡು ಕೋಳಿಯ ಒಳಗೇ ಇದೆ. ಓಡು ಎಂದು ಹೇಳುವವರು ಇದ್ದೂ ಓಡಿಹೋಗಲು ಜಾಗವಿಲ್ಲದಿದ್ದರೆ ಆ ಎಚ್ಚರಿಕೆ ದಂಡ. ಆಕ್ಸ್‌ಫರ್ಡಿನ ಮೇರಿಯನ್ ಡಾಕಿನ್ಸ್ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಬಯಲಿಗೆ ಬಿಟ್ಟ ಮಾಂಸದ ಕೋಳಿಗಳನ್ನು ಗಮನಿಸಿದಾಗ, ಮರಗಿಡ ಇರುವ ಕಡೆಯೇ ಹೆಚ್ಚು ಕೋಳಿಗಳು ಹೊರಬಂದು ಮೇಯುತ್ತಿದ್ದವು. ಬೋಳು ಬಯಲಿನಲ್ಲಿ ಮೇವಿದ್ದರೂ ಕೋಳಿ ನೆಮ್ಮದಿಯಿಂದ ಮೇಯುವುದಿಲ್ಲ.

ಇಲ್ಲಿ ಒಂದು ಬದಲಾವಣೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುತ್ತದೆ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ, ಹೈದರಾಬಾದಿನ ವನರಾಜ ಮುಂತಾದ ತಳಿಗಳು ಹಿತ್ತಿಲಿಗೆ ಬಂದು ದಶಕಗಳೇ ಆದವು. ಮೊಟ್ಟೆ ಹೆಚ್ಚು, ತೂಕ ಹೆಚ್ಚು, ಮೈಬಣ್ಣವೂ ಬಿಳಿ ಫಾರಂ ಕೋಳಿಯಂತೆ ದೂರದಿಂದ ಹೊಳೆಯುವುದಿಲ್ಲ. ಆದರೆ ಈ ಕೋಳಿಗಳಲ್ಲಿ ಕಾವಿಗೆ ಕೂರುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ಮರಿಗಳು ಯಂತ್ರದಲ್ಲಿ ಹುಟ್ಟಿ, ಬಲ್ಬಿನ ಕಾವಿನಲ್ಲಿ ಬೆಳೆದು, ತಾಯಿಯಿಲ್ಲದೆ ತೋಟಕ್ಕೆ ಇಳಿಯುತ್ತವೆ. ರೆಕ್ಕೆ ಕೆದರಿ ಹದ್ದಿನ ಮೇಲೆ ಎಗರುವ ನಾಟಿ ಹೇಂಟೆಯನ್ನು ಕಂಡವರಿಗೆ ಇದರ ವ್ಯತ್ಯಾಸ ಹೇಳಬೇಕಿಲ್ಲ. ಕೂಗಿ ಕರೆಯುವವರಿಲ್ಲದ ಮರಿಗಳು ಬಯಲಲ್ಲಿ ಗುಂಪಾಗಿ ನಿಂತುಬಿಡುತ್ತವೆ. ಇದಕ್ಕೆ ಹಳ್ಳಿಯಲ್ಲೇ ಒಳ್ಳೆಯ ಉಪಾಯವಿದೆ: ಕಾವಿಗೆ ಕೂತ ನಾಟಿ ಹೇಂಟೆಯ ಅಡಿಗೆ ರಾತ್ರಿ ಹೊತ್ತು ಒಂದೆರಡು ದಿನದ ಮರಿಗಳನ್ನು ಸೇರಿಸುವುದು. ಬೆಳಗಾಗುವಷ್ಟರಲ್ಲಿ ಅವು ತನ್ನವೇ ಎಂದುಕೊಂಡು ಹೇಂಟೆ ಕರೆದುಕೊಂಡು ತಿರುಗುತ್ತದೆ. ಮನೆಯಲ್ಲಿ ಇಪ್ಪತ್ತು ಗಿರಿರಾಜ ಇದ್ದರೂ ಎರಡು ನಾಟಿ ಹೇಂಟೆ, ಒಂದು ನಾಟಿ ಹುಂಜ ಇಟ್ಟುಕೊಳ್ಳಿ ಎಂದು ಹೇಳುವುದು ಹಳೆಯದರ ಮೇಲಿನ ಮೋಹದಿಂದಲ್ಲ. ಆ ಮೂರು ಕೋಳಿಗಳು ಮಿಕ್ಕ ಇಪ್ಪತ್ತಕ್ಕೆ ಕಾವಲು.

ಇನ್ನು ಮರೆ ಮಾಡುವ ಬಗೆ. ತೆಂಗಿನ ಸೀಮೆಯಲ್ಲಿ ಇದಕ್ಕೆ ಹಣ ಹುಡುಕಬೇಕಿಲ್ಲ. ಒಂದು ಮರ ವರ್ಷಕ್ಕೆ ಸುಮಾರು ಹನ್ನೆರಡು ಗರಿ ಉದುರಿಸುತ್ತದೆ. ನಲವತ್ತೆಂಟು ಮರದ ಎಕರೆಯಿಂದ ವರ್ಷಕ್ಕೆ 500ಕ್ಕೂ ಮಿಕ್ಕಿ ಗರಿ, ಒಂದೊಂದೂ ಹದಿನೈದು ಅಡಿಗೂ ಉದ್ದ. ಬಹಳಷ್ಟು ತೋಟಗಳಲ್ಲಿ ಇವು ಬದುವಿನಲ್ಲಿ ರಾಶಿ ಬಿದ್ದು ಬೆಂಕಿ ಕಾಣುತ್ತವೆ. ನಾಲ್ಕೈದು ಗರಿಗಳನ್ನು ಎರಡು ಮರದ ನಡುವೆ ಒಂದು ಗಳದ ಮೇಲೆ ಎರಡೂ ಕಡೆಗೆ ಒರಗಿಸಿದರೆ ಮೊಣಕಾಲೆತ್ತರದ ಸೂರು ಸಿದ್ಧ. ಎರಡು ತುದಿಯೂ ತೆರೆದಿರಬೇಕು, ಅಡಿಯಲ್ಲಿ ಕಸ ತುಂಬಿರಬಾರದು. ಇಂಥ ಸೂರು ಇಪ್ಪತ್ತು ಅಡಿಗೊಂದು ಇದ್ದರೆ ಎಲ್ಲೇ ಮೇಯುತ್ತಿದ್ದರೂ ಪಿಳ್ಳೆಗೆ ಹತ್ತು ಅಡಿ ಓಟದಲ್ಲಿ ಮರೆ ಸಿಗುತ್ತದೆ. ಕಾಳು ಚೆಲ್ಲುವುದು, ನೀರಿಡುವುದು ಸಹ ಈ ಸೂರಿನ ಅಡಿಯಲ್ಲೇ ಆಗಬೇಕು. ಅಂಗಳದ ನಡುವೆ ನಿಂತು ಬಾ ಬಾ ಎಂದು ಕರೆದು ರಾಗಿ ಚೆಲ್ಲುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಿದರೆ ಮರಿಗಳನ್ನೆಲ್ಲ ಒಂದೇ ಕಡೆ ಬಯಲಿಗೆ ಕರೆದು ಹದ್ದಿಗೆ ತೋರಿಸಿದಂತೆಯೇ.

ಮೊದಲ ನಾಲ್ಕು ವಾರಕ್ಕೆ ಗರಿಯ ಸೂರಷ್ಟೇ ಸಾಲದು, ಯಾಕೆಂದರೆ ಶಿಕ್ರ ಮತ್ತು ಕಾಗೆ ಅದರಡಿಗೂ ನುಗ್ಗುತ್ತವೆ. ಹಿಂದಿನವರು ದೊಡ್ಡ ಮಂಕರಿ ಬೋರಲು ಹಾಕಿ ಹೇಂಟೆಯನ್ನೂ ಮರಿಗಳನ್ನೂ ಕವುಚುತ್ತಿದ್ದರು. ತತ್ವ ಸರಿ, ಜಾಗ ಸಾಲದು. ಒಂದೇ ಕಡೆ ಕೂತ ಮರಿಗೆ ಹುಳ ಸಿಗುವುದಿಲ್ಲ, ಹೊಲಸು ಮೆಟ್ಟಿ ರಕ್ತಭೇದಿ ಹತ್ತುತ್ತದೆ. ಅದರ ಬದಲು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ಎತ್ತರದ ತಳವಿಲ್ಲದ ಚೌಕಟ್ಟನ್ನು ಅಡಿಕೆ ದಬ್ಬೆಯಿಂದಲೋ ಬಿದಿರಿನಿಂದಲೋ ಮಾಡಿ, ಸುತ್ತ ಅರ್ಧ ಇಂಚು ಕಣ್ಣಿನ ತಂತಿಜಾಲರಿ ಹೊಡೆದು, ಮೇಲೆ ಅರ್ಧಕ್ಕೆ ಜಾಲರಿ ಅರ್ಧಕ್ಕೆ ಗರಿ ಹೊದಿಸಿದರೆ ಒಬ್ಬರೇ ಎಳೆದು ದಿನಕ್ಕೊಂದು ಕಡೆ ಇಡಬಹುದು. ಮರಿಗೆ ದಿನವೂ ಹೊಸ ನೆಲ, ಹೊಸ ಗೆದ್ದಲು. ತೋಟಕ್ಕೆ ದಿನವೂ ಒಂದು ತುಂಡಿನಷ್ಟು ಗೊಬ್ಬರ. ಐದನೇ ವಾರದಿಂದ ಹೊರಗೆ ಬಿಡಬಹುದು, ಆದರೆ ಹೊತ್ತು ನೋಡಿ. ಬಿಸಿಲೇರಿ ಬಿಸಿಗಾಳಿ ಮೇಲೇಳುವ ವೇಳೆಯೇ ಹದ್ದು ರೆಕ್ಕೆ ಬಡಿಯದೆ ಸುತ್ತುವ ವೇಳೆ. ಸಂಜೆ ನಾಲ್ಕರ ಮೇಲೆ ಬಿಟ್ಟರೆ ಅಪಾಯ ಕಡಿಮೆ. ಮನೆ ಸುತ್ತಲಿನ ನಾಲ್ಕಾರು ಮರಗಳ ನಡುವೆ ಏಳೆಂಟು ಅಡಿ ಎತ್ತರದಲ್ಲಿ ತೆಂಗಿನ ನಾರಿನ ಹಗ್ಗವನ್ನು ಎರಡು ಅಡಿಗೊಂದರಂತೆ ಅಡ್ಡ ಎಳೆದು ಬಟ್ಟೆಚೂರು ಕಟ್ಟುವುದೂ ಕೆಲಸಕ್ಕೆ ಬರುತ್ತದೆ. ಹದ್ದು ಇಳಿದು ಏರಬೇಕಾದ ದಾರಿಗೆ ಅದು ಅಡ್ಡಿ. ಶಿಕ್ರಕ್ಕೆ ಇದು ಲೆಕ್ಕವಿಲ್ಲ. ಸಡಿಲವಾಗಿ ತೂಗುವ ತೆಳು ನೈಲಾನ್ ಬಲೆ ಮಾತ್ರ ಬೇಡ; ಅದಕ್ಕೆ ಹಾವು, ಗೂಬೆ, ಕೊನೆಗೆ ನಮ್ಮದೇ ಕೋಳಿ ಸಿಕ್ಕಿ ಸಾಯುತ್ತವೆ. ಬಲೆ ಹಾಕುವುದಿದ್ದರೆ ಬಿಗಿಯಾಗಿರಬೇಕು, ಕಣ್ಣಿಗೆ ಕಾಣುವಷ್ಟು ದಪ್ಪವಿರಬೇಕು.

ಕಾಲದ ಆಯ್ಕೆಯೂ ನಮ್ಮ ಕೈಯಲ್ಲಿದೆ. ದಕ್ಷಿಣದಲ್ಲಿ ಹದ್ದುಗಳು ಚಳಿಗಾಲದಲ್ಲೇ ಗೂಡು ಕಟ್ಟಿ ಬೇಸಿಗೆ ಹೊತ್ತಿಗೆ ಮರಿ ಸಾಕುತ್ತಿರುತ್ತವೆ. ಶಿಕ್ರ ಮಾರ್ಚಿನಿಂದ ಜೂನ್‌ವರೆಗೆ. ಗೂಡಿನಲ್ಲಿ ಮರಿಗಳಿರುವ ಹಕ್ಕಿ ದಿನಕ್ಕೆ ಹಲವು ಸಲ ಬೇಟೆ ತರಲೇಬೇಕು. ಅದೇ ತಿಂಗಳುಗಳಲ್ಲಿ ನಮ್ಮ ತೋಟ ಉತ್ತು ಬೋಳಾಗಿರುತ್ತದೆ, ಹುಲ್ಲು ಒಣಗಿರುತ್ತದೆ, ನಾವು ಕಾವಿಗೆ ಕೂರಿಸುವುದೂ ಆಗಲೇ. ದೂರುಗಳೆಲ್ಲ ಬೇಸಿಗೆಗೇ ಗಂಟುಬೀಳುವುದರಲ್ಲಿ ಆಶ್ಚರ್ಯವೇನಿದೆ? ಆಗಸ್ಟ್ ಕೊನೆಯಲ್ಲಿ ಮೊಟ್ಟೆ ಕೂರಿಸಿದರೆ ಇಪ್ಪತ್ತೊಂದು ದಿನಕ್ಕೆ, ಸೆಪ್ಟೆಂಬರ್ ನಡುವಿಗೆ ಮರಿಗಳು ಹೊರಬರುತ್ತವೆ. ಆಗ ಹುಲ್ಲು ಎದ್ದಿರುತ್ತದೆ, ರಾಗಿ ಹೊಲ ಕಟಾವಿನವರೆಗೂ ನಿಂತಿರುತ್ತದೆ, ಹುಳುಹುಪ್ಪಟೆ ಸಮೃದ್ಧ. ಮಳೆ ನೆನೆದು ಮರಿ ಸಾಯುತ್ತವೆ ಎನ್ನುವ ಹಿರಿಯರ ಆಕ್ಷೇಪದಲ್ಲಿ ಹುರುಳಿದೆ. ಆದರೆ ವರ್ಷಕ್ಕೆ ಆರೇಳು ನೂರು ಮಿಲಿಮೀಟರ್ ಆಸುಪಾಸಿನ ಮಳೆಯ ಈ ಸೀಮೆ ಮಲೆನಾಡಲ್ಲ. ಒಣ ನೆಲದ ಗೂಡು, ಮೊದಲ ವಾರ ಬೆಚ್ಚನೆಯ ಜಾಗ ಕೊಟ್ಟರೆ ಮಳೆಯಿಂದ ಮರಿ ಉಳಿಸುವುದು ಹದ್ದಿನಿಂದ ಉಳಿಸುವುದಕ್ಕಿಂತ ಸುಲಭ.

ಮರೆ ಹೆಚ್ಚಿಸಿದರೆ ಹಾವು, ಮುಂಗುಸಿ, ಕಾಡುಬೆಕ್ಕು ಸೇರಿಕೊಳ್ಳುತ್ತವೆ ಎನ್ನುವುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಮಕ್ಕಳಿರುವ ಮನೆಗೆ ಇದು ಹಗುರದ ಮಾತಲ್ಲ. ಅದಕ್ಕೇ ಸೂರಿನ ಅಡಿ ಬರಿದಾಗಿರಬೇಕು, ತುದಿ ತೆರೆದಿರಬೇಕು ಎಂದದ್ದು. ಹಾವು ಇಷ್ಟಪಡುವುದು ವರ್ಷಗಟ್ಟಲೆ ಅಲುಗಾಡದ ಸಿಪ್ಪೆ ರಾಶಿ, ಕಲ್ಲುಗುಡ್ಡೆ, ಇಲಿ ಬಿಲಗಳನ್ನು. ಬೆಳಕು ಹಾಯುವ, ಕೋಳಿಗಳು ದಿನವೂ ಕೆದಕುವ ಸೂರನ್ನಲ್ಲ. ಮನೆಯ ಗೋಡೆಯಿಂದ ಹತ್ತು ಹೆಜ್ಜೆ ಬಿಟ್ಟು ಸೂರು ಹಾಕಿ, ಎರಡು ಮೂರು ತಿಂಗಳಿಗೊಮ್ಮೆ ಗರಿ ಬದಲಿಸಿ ಹಳೆಯದನ್ನು ಮರದ ಪಾತಿಗೆ ಹಾಕಿದರೆ ಆಯಿತು. ಮುಂಗುಸಿ ಹೆಚ್ಚಾಗಿ ಹಗಲಲ್ಲಿ ತಿರುಗುತ್ತದೆ, ಅದರ ಮೇಲೆ ಕಣ್ಣಿಡಬೇಕು. ಕಾಡುಬೆಕ್ಕು, ಪುನುಗು ಬೆಕ್ಕುಗಳ ಕೆಲಸ ಬಹುಪಾಲು ಕತ್ತಲಲ್ಲೋ ಮುಸ್ಸಂಜೆ ಮುಂಜಾನೆಗಳಲ್ಲೋ. ಅದಕ್ಕೆ ಉತ್ತರ ನೆಲದಿಂದ ಎತ್ತರಿಸಿದ, 6 ಗಂಟೆಗೆ ತಪ್ಪದೆ ಅಗುಳಿ ಹಾಕುವ ಗೂಡು. ಗರಿ ಹಾಸಿದರೆ ಗೆದ್ದಲು ಬರುತ್ತದೆ ಎನ್ನುವವರೂ ಇದ್ದಾರೆ. ಬರುತ್ತದೆ, ಅದನ್ನು ಕೋಳಿ ತಿನ್ನುತ್ತದೆ. ಎಳೆ ಸಸಿಗಳ ಬುಡದಲ್ಲಿ ಮಾತ್ರ ಹಾಸುವುದು ಬೇಡ. ತೇವ ಉಳಿಸಲು ಪಾತಿಗೆ ಗರಿ, ಸಿಪ್ಪೆ ಮುಚ್ಚಿ ಎಂದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಬಹುಕಾಲದಿಂದ ಹೇಳುತ್ತಲೇ ಇದೆ. ಮರಕ್ಕೆ ಒಳ್ಳೆಯದಾದದ್ದು ಕೋಳಿಗೂ ಒಳ್ಳೆಯದಾಗುವ ಇಂಥ ಸಂದರ್ಭ ಬೇಸಾಯದಲ್ಲಿ ಅಪರೂಪ. ತಿಪ್ಪೆ ಕೆದಕಿ ಸುಳಿ ಕೊರೆಯುವ ದುಂಬಿಯ ಬಿಳಿ ಹುಳುಗಳನ್ನು ಹೆಕ್ಕುವ ಕೋಳಿ ತೋಟಕ್ಕೆ ಮಾಡುವ ಉಪಕಾರವನ್ನೂ ಇದರ ಜೊತೆ ಎಣಿಸಬೇಕು.

ಕನ್ನಡಿ, ಹಳೆ ಸಿ.ಡಿ., ಹೊಳೆಯುವ ಕಾಗದ, ಬೆದರುಬೊಂಬೆ, ಸತ್ತ ಕಾಗೆ ಕಟ್ಟುವುದು ಇವೆಲ್ಲ ಕೆಲವು ದಿನ ನಡೆಯುತ್ತವೆ. ಅಪಾಯವಿಲ್ಲವೆಂದು ತಿಳಿದ ಮೇಲೆ ಹದ್ದು ಅವುಗಳ ಪಕ್ಕದಲ್ಲೇ ಕೂರುತ್ತದೆ. ಇವಕ್ಕಿಂತ ಕಾಜಾಣದ ಜೋಡಿ ಎಷ್ಟೋ ಮೇಲು. ತೋಟದಂಚಿನ ಮರದಲ್ಲಿ ಗೂಡು ಕಟ್ಟಿದ ಕಾಜಾಣ ತನಗಿಂತ ಹತ್ತು ಪಟ್ಟು ದೊಡ್ಡ ಹದ್ದನ್ನೂ ಕಾಗೆಯನ್ನೂ ಬೆನ್ನಟ್ಟಿ ಊರಾಚೆ ಬಿಟ್ಟು ಬರುತ್ತದೆ. ಬೇರೆ ಸಣ್ಣ ಹಕ್ಕಿಗಳು ಬೇಕೆಂದೇ ಅದರ ಗೂಡಿನ ಹತ್ತಿರ ಗೂಡು ಕಟ್ಟುವುದನ್ನು ಪಕ್ಷಿತಜ್ಞರು ಗಮನಿಸಿದ್ದಾರೆ. ಬದುವಿನ ಮೇಲೆ ನಾಲ್ಕು ಮರ ಉಳಿಸಿದರೆ ಈ ಕಾವಲು ಬಿಟ್ಟಿ. ಅದೇ ಮರದಲ್ಲಿ ಶಿಕ್ರವೂ ಕೂರಬಹುದು, ನಿಜ. ಹಾಗಾಗಿ ಮರಿಗಳ ಚೌಕಟ್ಟನ್ನು ದಟ್ಟ ಮರದ ಅಡಿಯಲ್ಲಿ ಇಡಬಾರದು.

ಇಷ್ಟೆಲ್ಲ ರಗಳೆ ಯಾಕೆ, ನಾಲ್ಕು ಹದ್ದು ಹೊಡೆದರೆ ಮುಗಿಯಿತಲ್ಲ ಎನ್ನುವವರಿಗೆ ಕಾನೂನನ್ನು ಮೊದಲು ನೆನಪಿಸಬೇಕು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹದ್ದು, ಗಿಡುಗ, ಗೂಬೆಗಳನ್ನು ಕೊಲ್ಲುವುದು, ಗೂಡು ಕೀಳುವುದು ಅಪರಾಧ. ಕಾಗೆಯನ್ನು ಹಿಂದೆ ಪೀಡೆಗಳ ಅನುಸೂಚಿಯಲ್ಲಿ ಇಟ್ಟಿದ್ದರು. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ತೆಗೆದುಹಾಕಿತು. ಆದರೆ ಕಾನೂನಿನ ಭಯಕ್ಕಿಂತ ಲೆಕ್ಕದ ಮಾತು ಗಟ್ಟಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 1885ರಲ್ಲಿ ಕೋಳಿ ಸಾಕುವವರ ದೂರಿಗೆ ಮಣಿದು ಗಿಡುಗ, ಗೂಬೆಗಳ ತಲೆಗೆ 50 ಸೆಂಟಿನ ಬಹುಮಾನ ಸಾರಿತು. ಒಂದೂವರೆ ವರ್ಷದಲ್ಲಿ ಸುಮಾರು 90,000 ಡಾಲರ್ ಖರ್ಚಾಯಿತು. ಅಮೆರಿಕದ ಕೃಷಿ ಇಲಾಖೆಯ ಪಕ್ಷಿತಜ್ಞ ಹಾರ್ಟ್ ಮೆರಿಯಂ ಹಾಕಿದ ಅಂದಾಜಿನಂತೆ ಅಷ್ಟರಿಂದ ಉಳಿದ ಕೋಳಿಗಳ ಬೆಲೆ 1,875 ಡಾಲರ್. ಇಲಿ ಮತ್ತು ಕೀಟ ಹೆಚ್ಚಿ ಆದ ನಷ್ಟ 39 ಲಕ್ಷ ಡಾಲರ್. ಅಂದಾಜು ಒರಟು ಇರಬಹುದು, ಅದನ್ನು ಕಾಲು ಭಾಗಕ್ಕೆ ಇಳಿಸಿದರೂ ತೀರ್ಪು ಬದಲಾಗದು. ತೆಂಗಿನ ರೈತನಿಗೆ ಈ ಲೆಕ್ಕ ಇನ್ನೂ ಹತ್ತಿರದ್ದು. ಎಳನೀರು ಕೊರೆಯುವ ಅಳಿಲು, ಮರದ ತಲೆಯಲ್ಲೂ ಕೊಬ್ಬರಿಯ ಅಟ್ಟದಲ್ಲೂ ಸಂಸಾರ ಹೂಡುವ ಇಲಿ, ಇವೇ ಶಿಕ್ರ ಮತ್ತು ಗೂಬೆಗಳ ದಿನನಿತ್ಯದ ಊಟ. ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷವೇ ಅಟ್ಟದಲ್ಲಿಟ್ಟು ಕಾಯುವ ಸೀಮೆಗೆ ಇಲಿ ಹಿಡಿಯುವ ಹಕ್ಕಿಯ ಬೆಲೆ ಬೇರೆಯವರು ಹೇಳಬೇಕೇ? ತೆಂಗಿನ ಇಲಿಕಾಟ ತಾಳಲಾರದೆ ಲಕ್ಷದ್ವೀಪದ ಆಡಳಿತ 2019ರಲ್ಲಿ ಕವರತ್ತಿಗೆ ಕಣಜ ಗೂಬೆಗಳನ್ನು ಹೊರಗಿನಿಂದ ತರಿಸಿಕೊಳ್ಳಬೇಕಾಯಿತು. ನಮ್ಮಲ್ಲಿ ಅವು ತಾವಾಗಿಯೇ ಇವೆ.

ವಿಷದ ಮಾತನ್ನು ಹೇಳದೆ ಇರಲಾಗದು. ಸುಳಿ ದುಂಬಿಗೆಂದು ತಂದ ಫೋರೇಟ್ ಹರಳು ಒಂದು ಕಾಲಕ್ಕೆ ತೋಟದ ಮನೆಗಳಲ್ಲಿ ಸಾಮಾನ್ಯವಾಗಿತ್ತು. 2020ರ ಕೊನೆಗೆ ಅದಕ್ಕೆ ದೇಶದಲ್ಲಿ ನಿಷೇಧ ಬಂತು. ಹಳೆಯ ಪೊಟ್ಟಣಗಳೂ ಬೇರೆ ಕೀಟನಾಶಕಗಳೂ ಇನ್ನೂ ಅಟ್ಟದ ಮೂಲೆಯಲ್ಲಿರಬಹುದು. ಸತ್ತ ಕೋಳಿಗೆ ಅದನ್ನು ಸವರಿ ಇಡುವುದು ಬರೀ ಹದ್ದನ್ನು ಕೊಲ್ಲುವುದಿಲ್ಲ. ನಾಯಿ, ಮುಂಗುಸಿ, ಅದರ ಚೂರು ಹೆಕ್ಕಿದ ನಮ್ಮದೇ ಹೇಂಟೆ, ಆ ಕೈಯಲ್ಲೇ ಊಟಕ್ಕೆ ಕೂತ ಮನುಷ್ಯ, ಯಾರೂ ಹೊರತಲ್ಲ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ಒಂದೇ ಔಷಧಿ ದೇಶದ ರಣಹದ್ದುಗಳನ್ನು ಹದಿನೈದೇ ವರ್ಷಗಳಲ್ಲಿ ನಾಮಾವಶೇಷ ಮಾಡುವ ಮಟ್ಟಕ್ಕೆ ತಂದು, 2006ರಲ್ಲಿ ಪಶುಚಿಕಿತ್ಸೆಯಿಂದ ಅದನ್ನು ತೆಗೆಯಬೇಕಾಯಿತು. ರಣಹದ್ದು ಹೋದ ಮೇಲೆ ಊರಾಚೆಯ ಸತ್ತ ದನಗಳೆಲ್ಲ ಬೀದಿನಾಯಿಗಳ ಪಾಲಾದವು. ಆ ಪಾಠವನ್ನು ಮರೆತವರಂತೆ ನಡೆದುಕೊಳ್ಳುವುದು ತರವಲ್ಲ.

ಹದ್ದು ಹೆಚ್ಚಾಗಿದೆ ಎನ್ನುವ ಮಾತಿನಲ್ಲಿ ಸತ್ಯವಿದ್ದರೆ ಅದಕ್ಕೆ ಕಾರಣ ನಮ್ಮದೇ ಕಸ. ದೆಹಲಿಯ ಹದ್ದುಗಳ ಮೇಲೆ ನಿಶಾಂತ್ ಕುಮಾರ್ ಮತ್ತು ಸಂಗಡಿಗರು ವರ್ಷಗಟ್ಟಲೆ ನಡೆಸಿದ ಅಧ್ಯಯನ, ಕಸ ಮತ್ತು ಜನ ಎಸೆಯುವ ಮಾಂಸ ಹೆಚ್ಚಿರುವ ಕಡೆಯೇ ಅವು ಒತ್ತೊತ್ತಾಗಿ ಗೂಡು ಕಟ್ಟುತ್ತವೆ ಎಂದು ತೋರಿಸಿದೆ. ಬೆಂಗಳೂರು-ಹೊನ್ನಾವರ (ಬಿ.ಎಚ್.) ರಸ್ತೆಯಂಚಿನಲ್ಲಿ, ಕೆರೆ ಏರಿಯ ಮೇಲೆ ಕೋಳಿ ಅಂಗಡಿಯ ಪುಕ್ಕ ಕರುಳು ಸುರಿದು ಬರುವುದು ನಿಲ್ಲದಿದ್ದರೆ ಹದ್ದು, ಕಾಗೆ, ನಾಯಿ ಮೂರೂ ಅಲ್ಲೇ ನೆಲೆ ಕಟ್ಟುತ್ತವೆ, ತ್ಯಾಜ್ಯ ಬಾರದ ದಿನ ಪಕ್ಕದ ತೋಟಕ್ಕೆ ಬರುತ್ತವೆ. ಮನೆಯಲ್ಲೂ ಅಷ್ಟೇ: ಮೀನು ತೊಳೆದ ನೀರು, ಕೋಳಿ ಕೊಯ್ದ ಕರುಳು ಹಿತ್ತಿಲಿಗೆ ಎಸೆದು ಕಾಗೆಯನ್ನು ದಿನವೂ ಕರೆದ ಮೇಲೆ, ಅದು ಮರಿಯನ್ನು ನೋಡಬಾರದು ಎಂದರೆ ಹೇಗೆ? ಗುಂಡಿ ತೋಡಿ ಮುಚ್ಚುವುದು ಹತ್ತು ನಿಮಿಷದ ಕೆಲಸ.

ಈ ಕೆಲಸವೆಲ್ಲ ಕೊನೆಗೆ ಬೀಳುವುದು ಹೆಂಗಸರ ಮೇಲೆ. ಕೋಳಿಯ ಲಾಭ ಅವರದಾದರೂ ತೋಟದ ಉಳುಮೆ, ಬೇಲಿ, ಗರಿಗಳ ಬಗ್ಗೆ ತೀರ್ಮಾನಿಸುವವರು ಗಂಡಸರು. ಮರಿ ಉಳಿಸಲು ಮನೆಯಾಕೆ ಮೂರು ಸಾಲಿನಲ್ಲಿ ರೋಟವೇಟರ್ ಬೇಡ ಎಂದರೆ ಆ ಮಾತಿಗೆ ಬೆಲೆ ಬರಬೇಕು. ಮನೆಗೆ ಹತ್ತಿರದ ಕಾಲು ಎಕರೆಯಷ್ಟನ್ನಾದರೂ ಉಳದೆ ಬಿಟ್ಟು, ಅಲಸಂದೆಯೋ ಹುರುಳಿಯೋ ಚೆಲ್ಲಿ, ಬದುವಿಗೆ ಲಕ್ಕಿ ಕಡ್ಡಿ ನೆಟ್ಟು ಕೋಳಿಯ ಪಾಲು ಎಂದು ಬಿಟ್ಟುಕೊಡುವುದು ದೊಡ್ಡ ತ್ಯಾಗವೇನಲ್ಲ. ಪಶುಪಾಲನಾ ಇಲಾಖೆ ಗ್ರಾಮೀಣ ಮಹಿಳೆಯರಿಗೆ ಐದಾರು ವಾರದ ಮರಿಗಳನ್ನು ಹಂಚುವ ಯೋಜನೆಗಳನ್ನು ನಡೆಸಿದೆ. ಆ ವಯಸ್ಸಿಗೆ ಅವು ಅತಿ ಅಪಾಯದ ಕಾಲ ದಾಟಿರುತ್ತವೆ, ಆದರೆ ಇನ್ನೂ ಎರಡು ಮೂರು ವಾರ ಹದ್ದಿನ ಉಗುರಿಗೆ ಸಿಗುವ ತೂಕದಲ್ಲೇ ಇರುತ್ತವೆ, ಅದೂ ತಾಯಿಯಿಲ್ಲದೆ. ಮರಿಯ ಪೆಟ್ಟಿಗೆಯ ಜೊತೆಗೆ ಒಂದು ಚೌಕಟ್ಟಿಗಾಗುವಷ್ಟು ಜಾಲರಿಯನ್ನೂ ಎಂಟನೇ ವಾರದ ಲಸಿಕೆಯ ದಿನಾಂಕವನ್ನೂ ಕೊಟ್ಟರೆ ಖರ್ಚು ಹೆಚ್ಚಾಗುವುದು ಅಷ್ಟಿಷ್ಟು. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ತಿಪಟೂರಿನ ಮಗ್ಗುಲಲ್ಲೇ ಇದೆ. ಉತ್ತ ತೋಟದಲ್ಲೊಂದು, ಗರಿಯ ಸೂರು ಹಾಕಿದ ತೋಟದಲ್ಲೊಂದು, ಒಂದೇ ದಿನ ಹುಟ್ಟಿದ ಎರಡು ಗುಂಪು ಮರಿಗಳನ್ನು ಬಿಟ್ಟು ಎಂಟು ವಾರ ಎಣಿಸಿ ತೋರಿಸಲು ಬೇಕಾದ ತೋಟಗಳು ಅದರ ಸುತ್ತಲೂ ಇವೆ. ಈ ಸೆಪ್ಟೆಂಬರಿನ ಮರಿಗಳಿಂದಲೇ ಆ ಎಣಿಕೆ ಶುರುವಾಗಬಹುದು.